ಹಳೇ ಲೈನಿನ ಮಣ್ಣು

೯ ಆಗಸ್ಟ್ ೧೯೫೪, ಸೋಮವಾರ

ಹನ್ನೊಂದು ದಿನದಿಂದ ಮಳೆ ಬಿಟ್ಟಿಲ್ಲ. ಆಫೀಸಿನ ಪುಸ್ತಕಗಳೆಲ್ಲ ತಂಡಿ ಹಿಡಿದು ಮೆತ್ತಗಾಗಿವೆ. ನಿಬ್ಬು ಊರಿದರೆ ಶಾಯಿ ಹರಡಿಕೊಳ್ಳುತ್ತದೆ. ಎಡಮಂಡಿ ಬೆಳಗಿನಿಂದ ಮಡಚಲು ಕೊಡುತ್ತಿಲ್ಲ. ಬರುವ ಏಪ್ರಿಲ್ಲಿಗೆ ಈ ಕಾಫಿ ತೋಟದಲ್ಲಿ ಲೆಕ್ಕ, ಹಾಜರಿ ಬರೆಯುವ ರೈಟರ್ ಕೆಲಸಕ್ಕೆ ಸೇರಿ ಇಪ್ಪತ್ತಮೂರು ವರ್ಷ ತುಂಬುತ್ತದೆ. ಆಮೇಲೆ ಕುಶಾಲನಗರ, ಮಗಳ ಮನೆ, ಜಗಲಿಯಲ್ಲಿ ಒಂದು ಕುರ್ಚಿ. ಇನ್ನು ಎಂಟು ತಿಂಗಳು. ಅಲ್ಲಿಯವರೆಗೆ ಯಾರೂ ಹೊಸ ಕೆಲಸ ಹೇಳದಿದ್ದರೆ ಸಾಕು ಎಂದುಕೊಂಡೇ ಬೆಳಿಗ್ಗೆ ಎದ್ದಿದ್ದೆ.

ಸಂಜೆ ತೋಟದ ಸಾವುಕಾರ ಮೊಣ್ಣಪ್ಪನವರು ಬಂಗಲೆಗೆ ಕರೆಸಿದರು. ಮೂರ್ನಾಡಿನಲ್ಲಿರುವ ಭಾವ ದೇರಪ್ಪನವರ ಮನೆಗೆ ಹೋಗಿ ಆಗತಾನೆ ಬಂದಿದ್ದರು. ಬೂಟು ಸಹ ಬಿಚ್ಚಿರಲಿಲ್ಲ.

“ಸಣ್ಣಸ್ವಾಮಿ, ಈ ಸಲ ಮಡಿಕೇರಿ ಫಲಪುಷ್ಪ ಪ್ರದರ್ಶನಕ್ಕೆ ನಮ್ಮ ತೋಟದ ಸಿಹಿಗುಂಬಳ ಹೋಗ್ಬೇಕು. ಮೂರು ವರ್ಷದಿಂದ ಆ ದೇರಪ್ಪನೇ ದೊಡ್ಡ ಕಾಯಿಯ ಬಹುಮಾನ ತಗೊಳ್ತಾ ಇದ್ದಾನೆ. ಊಟಕ್ಕೆ ಹೋದ್ರೆ ಗೋಡೆ ಮೇಲಿನ ಸರ್ಟಿಫಿಕೇಟಿನ ಕೆಳಗೇ ನಂಗೆ ಕುರ್ಚಿ ಹಾಕ್ತಾನೆ.”

“ಬೀಜ ಯಾವಾಗ ಹಾಕೋದು ಸಾವ್ಕಾರ್ರೆ?”

“ಬೀಜ ನನ್ನ ಹತ್ರ ಉಂಟು. ಮಳೆ ಹೋದ್ಮೇಲೆ ಹಾಕುವ. ಮೊದ್ಲು ಮಣ್ಣು ಮಾಡು. ಕಾಯಿ ಅಷ್ಟು ದೊಡ್ಡದಾಗೋದು ಬಳ್ಳಿಯಿಂದ ಅಲ್ಲ, ಮಣ್ಣಿಂದ.”

ಆಗಲಿ ಎಂದು ಬಂದೆ. ಇಷ್ಟು ವರ್ಷದಲ್ಲಿ ಆಗಲಿ ಎನ್ನದ ದಿನ ಇಲ್ಲ. ಮನೆಯಲ್ಲಿ ಹೆಂಡತಿ ವನಜ ಕೇಳಿದಳು, “ಕುಂಬಳಕಾಯಿಗೂ ರೈಟರ್ ಬೇಕಾ?”

೧೪ ಆಗಸ್ಟ್, ಶನಿವಾರ

ದನದ ಕೊಟ್ಟಿಗೆಯ ಕೆಳಗೆ, ಬಿಸಿಲು ಬೀಳುವ ಇಳಿಜಾರಿನಲ್ಲಿ ಸಾವುಕಾರರೇ ಜಾಗ ತೋರಿಸಿದರು. ಮೇಸ್ತ್ರಿ ಕೆಂಪಣ್ಣ ಆರು ಆಳು ಹಾಕಿ ಗುಂಡಿ ತೆಗೆಸಿದ. ಹತ್ತಡಿ ಅಗಲ, ಮೂರಡಿ ಆಳ. ನಾನು ಕೊಡೆ ಹಿಡಿದು ನಿಂತೆ. ಕಾಲಿಗೆ ಮೂರು ಜಿಗಣೆ.

ಕೊಟ್ಟಿಗೆ ಗುಡಿಸುವ, ಎರವರ ಜನದ ಲಿಂಗಿ ಸಗಣಿ ಮಂಕರಿ ಹೊತ್ತು ಹೋಗುವವಳು ನಿಂತು ನೋಡಿದಳು. “ಇಲ್ಲಿ ನೀರು ನಿಲ್ತದೆ ರೈಟ್ರಯ್ಯ. ಅಡೀಲಿ ಜೇಡಿ ಉಂಟು.”

“ನಿನ್ನ ಸಗಣಿ ನೀನು ನೋಡ್ಕೊ ಮುದ್ಕಿ” ಎಂದೆ. ಹೋದಳು.

೨೨ ಆಗಸ್ಟ್, ಭಾನುವಾರ

ಗುಂಡಿ ಕೆರೆಯಾಗಿದೆ. ಕಪ್ಪೆ ಮೊಟ್ಟೆ ಇಟ್ಟಿವೆ. ಒಂದು ಬದಿ ಕುಸಿದು, ತುಂಬಿದ್ದ ಗೊಬ್ಬರವೆಲ್ಲ ರಾಡಿ. ಸಾವುಕಾರರು ಬಂದು ನೋಡಿ, “ಕುಂಬಳ ಬೆಳೀತೀಯೋ, ಮೀನು ಸಾಕ್ತೀಯೋ?” ಎಂದರು. ಆಳುಗಳು ಬೇರೆ ಕಡೆ ಮುಖ ತಿರುಗಿಸಿ ನಕ್ಕರು.

ಬೇರೆ ದಾರಿಯಿಲ್ಲದೆ ಮುದುಕಿಯ ಹತ್ತಿರವೇ ಹೋದೆ. ಮುದುಕಿ ಎಂದು ಬರೆಯುತ್ತೇನೆ, ವಯಸ್ಸು ನನ್ನದೇ ಇರಬಹುದು. ಆಳುಗಳ ಸಾಲುಮನೆ, ಹಳೇ ಲೈನಿನ ಕೊನೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಉಳಿದವರೆಲ್ಲ ಹೋದ ವರ್ಷವೇ ತಗಡು ಹೊದಿಸಿದ ಹೊಸ ಲೈನಿಗೆ ಹೋದರು. ಇವಳು ಬರುವುದಿಲ್ಲ ಎಂದಳು. ಕೊಟ್ಟಿಗೆಗೆ ಹತ್ತಿರ ಎಂದು ಯಾರೂ ಒತ್ತಾಯ ಮಾಡಲಿಲ್ಲ.

“ಗುಂಡಿ ಬೇಡ ಅಯ್ಯ, ಗುಡ್ಡೆ ಮಾಡಿ” ಎಂದಳು. “ಅಡೀಗೆ ಕಲ್ಲು, ಒಡ್ದ ಹೆಂಚು ತುಂಬಿ. ಪಕ್ಕಕ್ಕೆ ಚರಂಡಿ ಸೀಳಿ. ಅದ್ರ ಮೇಲೆ ಏರಿಸ್ಕೊಂಡು ಬನ್ನಿ. ಬೇರಿಗೆ ಹೊಟ್ಟೆ ತುಂಬ ಊಟ ಬೇಕು, ಆದ್ರೆ ಕಾಲು ನೆನೀಬಾರ್ದು.”

ಬಂದು ಕೆಂಪಣ್ಣನಿಗೆ ಇದನ್ನೇ ಹೇಳಿದೆ, ನನ್ನದೇ ಯೋಚನೆ ಎಂಬಂತೆ.

೩೧ ಆಗಸ್ಟ್, ಮಂಗಳವಾರ

ಆಳೆತ್ತರದ ಗೊಬ್ಬರದ ರಾಶಿ ಎದ್ದಿದೆ. ಕಾಡಿನಂಚಿನಿಂದ ಕೊಳೆತ ತರಗೆಲೆ, ಎರಡು ವರ್ಷದ ಕಾಫಿ ಸಿಪ್ಪೆ, ಸಗಣಿ, ಬಚ್ಚಲ ಒಲೆಯ ಬೂದಿ. ಮೂಳೆ ಪುಡಿ ಮಾತ್ರ ಹತ್ತಿರದ ಪೇಟೆ ಅಮ್ಮತ್ತಿಯಿಂದ ಬಂತು. ಇವೆಲ್ಲವನ್ನೂ ಪದರ ಪದರವಾಗಿ ಹಾಕಿ, ತೆಂಗಿನ ಗರಿ ಮುಚ್ಚಿ, ಹತ್ತು ದಿನಕ್ಕೊಮ್ಮೆ ಮಗುಚಬೇಕು. ಹಗಲು ಈ ಕೆಲಸ, ಸಂಜೆ ಆಫೀಸಿನ ಕೆಲಸ. ಊಟ ಮಾಡುತ್ತಲೇ ಕಣ್ಣು ಮುಚ್ಚಿಕೊಳ್ಳುತ್ತವೆ.

ಇವತ್ತು ರಾಶಿ ಸಿದ್ಧವಾಗಿದೆ, ಕಲ್ಲು ತುಂಬಿದ ಮಡಿಗೆ ಹಾಕೋಣ ಎಂದೆ. ಲಿಂಗಿ ಅದರ ಹೊಟ್ಟೆಗೆ ಕೈ ಹಾಕಿ ನೋಡಿ ಎಂದಳು. ಮೊಣಕೈವರೆಗೆ ತೂರಿಸಿ, ಸುಟ್ಟವನ ಹಾಗೆ ಎಳೆದುಕೊಂಡೆ. ಅಷ್ಟು ಕಾವು. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ಈಗ ಹಾಕಿದ್ರೆ ಬೀಜ ಬೇಯ್ತದೆ. ಕೈ ಇಟ್ರೆ ತಣ್ಣಗಿರ್ಬೇಕು. ಮೂಗಿಗೆ ಹಿಡಿದ್ರೆ ಸಗಣಿದೂ ಅಲ್ಲ, ಸಿಪ್ಪೆದೂ ಅಲ್ಲ, ಯಾವ್ದೂ ವಾಸನೆ ಗೊತ್ತಾಗ್ಬಾರ್ದು.”

ಮುಷ್ಟಿ ಹಿಡಿದು ನೋಡುವುದನ್ನೂ ತೋರಿಸಿದಳು. ಉಂಡೆ ಕಟ್ಟಬೇಕು, ಬೆರಳು ತಾಗಿದರೆ ಉದುರಬೇಕು. ಉದುರದಿದ್ದರೆ ಜೇಡಿ ಹೆಚ್ಚು. ಉಂಡೆಯೇ ಕಟ್ಟದಿದ್ದರೆ ಮರಳು. ನಾನು ಏಳೆಂಟು ಸಲ ಹಿಡಿದು ನೋಡಿದೆ. ಏಳೆಂಟು ಸಲವೂ ಉದುರಲಿಲ್ಲ.

೩ ಸೆಪ್ಟೆಂಬರ್, ಶುಕ್ರವಾರ

ಕೈಲ್‌ಪೊಳ್ದ್. ಕೊಡವರ ಆಯುಧದ ಹಬ್ಬ, ತೋಟಕ್ಕೆ ರಜೆ. ಬಂಗಲೆಯಲ್ಲಿ ಕೋವಿ ಪೂಜೆ. ಮಧ್ಯಾಹ್ನವೆಲ್ಲ ಮಲಗಿದ್ದೆ.

೧೨ ಸೆಪ್ಟೆಂಬರ್, ಭಾನುವಾರ

ಮಂಗಳೂರಿನಿಂದ ಮೀನು ಗೊಬ್ಬರದ ನಾಲ್ಕು ಮೂಟೆ ಬಂದವು. ಸಂಪಾಜೆ ಘಾಟಿ ಹತ್ತುವಾಗ ಮಳೆಯಲ್ಲಿ ನೆನೆದಿದ್ದವಂತೆ. ಲಾರಿಯವನು ಗೇಟಿನ ಹೊರಗೇ ಇಳಿಸಿ ಓಡಿದ. ಆಳುಗಳು ಮುಟ್ಟಲು ಒಪ್ಪದೆ, ನಾನೂ ಕೆಂಪಣ್ಣನೂ ಮೂಗಿಗೆ ಟವಲು ಕಟ್ಟಿಕೊಂಡು ಎಳೆದೆವು.

ವನಜ ಬಾಗಿಲು ತೆಗೆಯಲಿಲ್ಲ. “ಹಿತ್ಲಲ್ಲಿ ನೀರು ಕಾಸಿಟ್ಟಿದೀನಿ. ಬಟ್ಟೆ ಅಲ್ಲೇ ಬಿಡಿ. ಹೂತಾಕ್ತೀನಿ.”

ಎರಡು ಸಲ ಸ್ನಾನ ಮಾಡಿದರೂ ಅನ್ನಕ್ಕೆ ಕೈ ಹಾಕಿದಾಗ ಅದೇ ವಾಸನೆ. ಒಂದು ಸಂತೋಷ: ರಾಶಿ ತಣ್ಣಗಾಗಿದೆ. ಇವತ್ತು ಮುಷ್ಟಿಯಲ್ಲಿ ಹಿಡಿದ ಮಣ್ಣು ಉದುರಿತು. ಲಿಂಗಿಯನ್ನು ಕರೆದು ತೋರಿಸಿದೆ. “ಆಯ್ತಲ್ಲ” ಎಂದಳು, ಅಷ್ಟೆ.

೨೦ ಸೆಪ್ಟೆಂಬರ್, ಸೋಮವಾರ

ರಾಶಿಯನ್ನೆಲ್ಲ ಹಾಕಿದರೂ ಮಡಿ ಅರ್ಧವೇ ಎದ್ದಿದೆ. ಕೊಳೆತ ಮೇಲೆ ರಾಶಿ ಎಷ್ಟು ಕುಗ್ಗುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಸಾವುಕಾರರು ಮತ್ತೆ ಮೂರ್ನಾಡಿಗೆ ಹೋಗಿ ಬಂದಿದ್ದಾರೆ.

“ದೇರಪ್ಪನ ಗುಟ್ಟು ಗೊತ್ತಾಯ್ತು. ಅವನಜ್ಜನ ಕಾಲದ ಕೊಟ್ಟಿಗೆ ಬಿಚ್ಚಿ, ಆ ನೆಲಾನೇ ಅಗೆದು ಹಾಕಿದ್ದಾನೆ. ಐವತ್ತು ವರ್ಷದ ಸಾರ ಅದು. ನಮ್ಮಲ್ಲೂ ಅಂಥದ್ದು ಉಂಟಲ್ಲ ಮಾರಾಯ.” ಕೈಯಲ್ಲಿದ್ದ ಕೋಲನ್ನು ಹಳೇ ಲೈನಿನತ್ತ ಚಾಚಿದರು. “ಅಪ್ಪ ಕಟ್ಟಿಸಿದ್ದು. ನಲವತ್ತು ವರ್ಷದ ಒಲೆ ಬೂದಿ, ಮುಸುರೆ, ಕೋಳಿ, ಆಡು, ಎಲ್ಲ ಅಲ್ಲೇ ಬಿದ್ದದೆ. ಉಳಿದ ಮನೆಗಳ ನೆಲ ಮಳೇಗೆ ತೊಳೆದು ಹೋಯ್ತು. ಆ ಕೊನೆ ಮನೇದು ಮಾತ್ರ ಹಾಗೇ ಉಂಟು. ನೆಲ, ಹಿತ್ತಿಲು ಎಲ್ಲ ಎತ್ತು.”

“ಲಿಂಗಿ ಇದ್ದಾಳೆ ಸಾವ್ಕಾರ್ರೆ.”

“ಹೊಸ ಲೈನಲ್ಲಿ ರೂಮು ಖಾಲಿ ಉಂಟಲ್ಲ. ಸೋರದ ಮನೆಗೆ ಕಳಿಸ್ತೇನೆ ಅಂದ್ರೆ ಅವಳಿಗೇನು ಕಷ್ಟ? ಹೇಳು.”

ಹೇಳುತ್ತೇನೆ ಎಂದೆ. ಅನ್ಯಾಯದ ಮಾತು ಎಂದೂ ಅನ್ನಿಸಲಿಲ್ಲ. ಸೋರದ ಮನೆ ಒಳ್ಳೆಯದೇ.

೨೧ ಸೆಪ್ಟೆಂಬರ್

ಹೇಳಲಿಲ್ಲ. ಮಳೆ ಜೋರಾಗಿತ್ತು.

೨೨ ಸೆಪ್ಟೆಂಬರ್

ಇವತ್ತೂ ಹೇಳಲಿಲ್ಲ. ಮಳೆ ಇರಲಿಲ್ಲ.

೨೪ ಸೆಪ್ಟೆಂಬರ್, ಶುಕ್ರವಾರ

ಬೆಳಿಗ್ಗೆ ಹೋಗಿ ಹೇಳಿದೆ. ಲಿಂಗಿ ಬಾಗಿಲಲ್ಲಿ ಕೂತು ಮಂಕರಿಯ ಅಂಚಿಗೆ ಬಳ್ಳಿ ಬಿಗಿಯುತ್ತಿದ್ದಳು. ಕೈ ನಿಲ್ಲಿಸದೆ ಪೂರ್ತಿ ಕೇಳಿಸಿಕೊಂಡಳು.

“ಗೋಡೆ ಕೆಡವಿ. ಹುಲ್ಲಿನ ಮಾಡು ಕೆಡವಿ. ನಾನು ತಗಡಿನ ಮನೇಗೆ ಹೋಗ್ತೀನಿ” ಎಂದಳು. “ಹಿತ್ಲಿಗೆ ಮಾತ್ರ ಗುದ್ದಲಿ ಹಾಕ್ಬೇಡಿ ಅಯ್ಯ.”

“ಯಾಕೆ?”

“ಅಲ್ಲಿ ನನ್ನ ಮಗು ಉಂಟು.”

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. “ಜ್ವರದ ವರ್ಷ. ಹೊಳೆ ತುಂಬಿತ್ತು. ಆಚೆ ದಡದ ಸುಡುಗಾಡಿಗೆ ದಾಟೋ ಹಾಗಿರ್ಲಿಲ್ಲ. ನನ್ನ ಗಂಡ ಬಾಗ್ಲ ಹಿಂದೇನೇ ತೆಗ್ದ. ನೀವೇ ಇದ್ರಲ್ಲ ಆಗ್ಲೂ ರೈಟ್ರು. ಒಂದು ದಿನ ಬಿಟ್ಟು ಕೆಲ್ಸಕ್ಕೆ ಬಾ ಅಂದ್ರಿ. ಬಂದೆ.”

ದೂರುವ ಧ್ವನಿಯಲ್ಲ. ಅಮ್ಮತ್ತಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ಹೇಳಿ, ಬಳ್ಳಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದಳು.

ನಾನು ಹಾಗೆ ಅಂದದ್ದು ನೆನಪಿಲ್ಲ. ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ.

೨೫ ಸೆಪ್ಟೆಂಬರ್, ಶನಿವಾರ

ಆಫೀಸಿನ ಅಟ್ಟ ಹತ್ತಿ ಹಾಜರಿ ಬರೆದ ಹಳೆಯ ಚೆಕ್‌ರೋಲ್‌ಗಳನ್ನು ಇಳಿಸಿದೆ. ಜ್ವರದ ವರ್ಷವೆಂದರೆ ಮೂವತ್ತೇಳು. ಗೆದ್ದಲು ಅಂಚು ತಿಂದಿತ್ತು, ಜುಲೈ ಉಳಿದಿತ್ತು. ನನ್ನದೇ ಅಕ್ಷರ. ಆಗ ಎಷ್ಟು ದುಂಡಗೆ ಬರೆಯುತ್ತಿದ್ದೆ.

ಲಿಂಗಿ: ಹದಿನಾಲ್ಕನೇ ತಾರೀಖು, ಗೈರು. ಹದಿನೈದು, ಹಾಜರು. ಹದಿನಾಲ್ಕರ ಮುಂದೆ ಷರಾ: ‘ಕಾರಣ ತಿಳಿಸಿಲ್ಲ.’

ಅದೇ ಜುಲೈನಲ್ಲಿ ನಮ್ಮ ಮಗಳು ವಿಶಾಲುವಿಗೂ ಜ್ವರ ಬಂದಿತ್ತು. ಒಂದೂವರೆ ವರ್ಷದ ಕೂಸು. ಆ ಜ್ವರ ನನಗೆ ಚೆನ್ನಾಗಿ ನೆನಪಿದೆ. ದೊಡ್ಡ ಸಾವುಕಾರರು, ಮೊಣ್ಣಪ್ಪನವರ ತಂದೆ, ಕ್ವಿನೈನ್ ಕಳಿಸಿದ್ದರು. ಸೀಸೆಯ ಬಿರಡೆ ಸುತ್ತಿದ್ದ ಕೆಂಪು ಬಟ್ಟೆ ಕೂಡ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲ್ಕು ದಿನ ನಾನು ಮನೆ ಬಿಟ್ಟು ಕದಲಲಿಲ್ಲ. ಆ ನಾಲ್ಕು ದಿನ ಯಾವ ಪುಸ್ತಕದಲ್ಲೂ ಇಲ್ಲ. ರೈಟರನ ಹಾಜರಿಯನ್ನು ಯಾರೂ ಬರೆಯುವುದಿಲ್ಲ.

ಪುಸ್ತಕವನ್ನು ಮತ್ತೆ ಅಟ್ಟಕ್ಕೆ ಏರಿಸಲು ಶಕ್ತಿಯಿರಲಿಲ್ಲ. ಮೇಜಿನ ಮೇಲೇ ಬಿಟ್ಟು ಬಂದೆ.

೩ ಅಕ್ಟೋಬರ್, ಭಾನುವಾರ

ಒಂದು ವಾರದಿಂದ ಏನೋ ನೆಪ ಹೇಳಿ ದಿನ ತಳ್ಳುತ್ತಿದ್ದೇನೆ. ಇವತ್ತು ವನಜಳಿಗೆ ವಿಷಯ ಹೇಳಿ, ನಮ್ಮ ಹಿತ್ತಿಲ ಕೊಟ್ಟಿಗೆಯ ನೆಲ ಅಗೆಯಲೇ ಎಂದು ಕೇಳಿದೆ. ಅದೂ ಇಪ್ಪತ್ತು ವರ್ಷದ್ದು. ಹಸು ಮಾರ್ಚಿನಲ್ಲಿ ಸತ್ತ ಮೇಲೆ ಖಾಲಿ ಬಿದ್ದಿದೆ. ಅವಳು ಇನ್ನೊಂದು ಹಸು ಕಟ್ಟಬೇಕು ಎನ್ನುತ್ತಿದ್ದಳು.

“ಅಗೀರಿ” ಎಂದಳು. ಮಂಕರಿ ತಂದಿಟ್ಟು, “ನಾನು ಹೋಗಿದ್ದೆ ಅವತ್ತು” ಎಂದಳು.

“ಎಲ್ಲಿಗೆ?”

“ಲಿಂಗಿ ಮನೆಗೆ. ಒಂದು ಚೊಂಬು ಗಂಜಿ ತಗೊಂಡು. ಬಂದು ನಿಮಗೆ ಹೇಳಿದ್ದೆ. ನೀವು ಏನೋ ಬರೀತಿದ್ರಿ. ಹ್ಞೂಂ ಅಂದ್ರಿ.”

ಇಡೀ ದಿನ ನಾನೇ ಅಗೆದೆ. ಒಂದು ಮೊಳದವರೆಗೂ ಕಪ್ಪು ಮಣ್ಣು. ವನಜ ಮಂಕರಿಗೆ ತುಂಬಿದಳು. ಅರವತ್ತು ಮಂಕರಿ ಹೊತ್ತೆ. ಲಿಂಗಿ ಮಡಿಯ ಹತ್ತಿರ ನಿಂತು ಒಂದೊಂದನ್ನೇ ಹರಡಿದಳು. ಯಾವ ಹಿತ್ತಿಲಿನದು ಎಂದು ಕೇಳಲಿಲ್ಲ.

೯ ಅಕ್ಟೋಬರ್, ಶನಿವಾರ

ಸಾವುಕಾರರು ಮಡಿಯನ್ನು ಕೋಲಿನಿಂದ ಚುಚ್ಚಿ ನೋಡಿದರು. ಕೋಲು ತಾನಾಗಿ ಇಳಿಯಿತು. ಸಂತೋಷಪಟ್ಟರು. “ಬೆಣ್ಣೆ ಮಾಡಿದ್ದೀಯಲ್ಲ ಮಾರಾಯ.”

ನಾನು ಬಾಯಿ ತೆರೆಯುವ ಮೊದಲೇ ಅಂದರು, “ಇನ್ನೂ ಒಂದೂವರೆ ಅಡಿ ಬೇಕು. ಹಳೇ ಲೈನಿಂದು ಎತ್ತಿಬಿಟ್ರೆ ಸಮ ಆಗ್ತದೆ. ಇನ್ನೂ ಯಾಕೆ ಎತ್ತಿಲ್ಲ?”

ನೋಡುತ್ತೇನೆ ಎಂದೆ. ಬೆನ್ನು ನೋವಿಗೆ ಇವತ್ತು ಇಷ್ಟೇ ಬರೆಯಲು ಸಾಧ್ಯ.

೧೩ ಅಕ್ಟೋಬರ್, ಬುಧವಾರ

ಸಂಜೆ ಬಂಗಲೆಗೆ ನಾನಾಗಿಯೇ ಹೋದೆ. ಕರೆಯದೆ ಹೋದದ್ದು ಇದು ಎರಡನೇ ಸಲ. ಮೊದಲನೆಯದು ಐದು ವರ್ಷದ ಹಿಂದೆ, ವನಜಳಿಗೆ ನ್ಯುಮೋನಿಯಾ ಆದಾಗ. ಆವತ್ತು ಮೊಣ್ಣಪ್ಪನವರು ಊಟದ ತಟ್ಟೆ ಬಿಟ್ಟೆದ್ದು, ತಾವೇ ಜೀಪು ಓಡಿಸಿ ಮಡಿಕೇರಿ ಆಸ್ಪತ್ರೆ ಸೇರಿಸಿದರು. ದಾರಿಗೆ ಬಿದ್ದ ಮರವನ್ನು ತಾವೇ ಕಡಿದರು. ಮೆಟ್ಟಿಲು ಹತ್ತುವಾಗ ಅದೆಲ್ಲ ತಲೆಯಲ್ಲಿತ್ತು. ತಿರುಗಿ ಹೋಗಿಬಿಡಲೇ ಎಂದೂ ಅನ್ನಿಸಿತು.

“ಹಳೇ ಲೈನಿನ ಹಿತ್ತಿಲು ಅಗೆಯೋದು ಬೇಡ ಸಾವ್ಕಾರ್ರೆ. ಅಲ್ಲಿ ಒಂದು ಮಗುವನ್ನ ಮಣ್ಣು ಮಾಡಿದ್ದಾರೆ. ಲಿಂಗಿದು.”

ಅವರು ಕಾಫಿ ಲೋಟ ಕೆಳಗಿಟ್ಟರು. “ಯಾವಾಗ?”

“ಮೂವತ್ತೇಳರಲ್ಲಿ.”

“ಹದಿನೇಳು ವರ್ಷ ಆಯ್ತು. ಈ ತೋಟದಲ್ಲಿ ಎಲ್ಲಿ ಅಗೆದ್ರೂ ಯಾರೋ ಒಬ್ಬರು ಇರ್ತಾರೆ ಸಣ್ಣಸ್ವಾಮಿ. ಆ ಜ್ವರದಲ್ಲಿ ಎಷ್ಟು ಜನ ಹೋದ್ರು, ನಿಂಗೇ ಗೊತ್ತು. ಹಾಗಂತ ಕಾಲಿಡೋದು ಎಲ್ಲಿ?”

“ನೆಲ ತಗೊಳ್ಳಲಿ ಅಂತಾಳೆ. ಹಿತ್ತಿಲು ಬೇಡ ಅಂತ ಅಷ್ಟೆ.”

“ಬೂದಿ ಎಲ್ಲ ಬಿದ್ದಿರೋದು ಹಿತ್ತಿಲಲ್ಲೇ ಅಲ್ವಾ?”

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ, “ಬೇಡ ಸಾವ್ಕಾರ್ರೆ” ಎಂದೆ.

ಅವರ ಮುಖ ಕೆಂಪಾಯಿತು. “ನಿಂಗೆ ಆಗದಿದ್ರೆ ಬಿಡು. ನಾಳೆ ಕೆಂಪಣ್ಣ ಮಾಡ್ತಾನೆ.”

೧೪ ಅಕ್ಟೋಬರ್, ಗುರುವಾರ

ಇದನ್ನು ಸರಿಯಾಗಿ ಬರೆದಿಡಬೇಕು.

ದಿನಾ ಬೆಳಿಗ್ಗೆ ಹಾಜರಿ ಕೂಗುವುದು ಕಾಫಿ ಒಣಗಿಸುವ ಕಣದಲ್ಲಿ. ಇವತ್ತು ಮೇಜು, ಚೆಕ್‌ರೋಲ್ ಎಲ್ಲ ಹೊರಿಸಿಕೊಂಡು ಹಳೇ ಲೈನಿಗೆ ಹೋದೆ. ಲಿಂಗಿಯ ಮನೆ ಮುಂದೆ ಮೇಜು ಹಾಕಿ ಕೂತೆ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತ ಬಂದು ನಿಂತರು. ಕೆಂಪಣ್ಣನ ಜೊತೆ ಗುದ್ದಲಿ ಹಿಡಿದ ಎಂಟು ಜನ ಇದ್ದರು.

ಯಾರಿಗೆ ಯಾವ ಕೆಲಸ ಎಂದು ಹಂಚಿ ಬರೆಯುವುದು ರೈಟರನೇ. ಒಬ್ಬೊಬ್ಬರ ಹೆಸರು ಕೂಗಿ ಬರೆದೆ. ಇಪ್ಪತ್ತು ಜನ ಮೇಲಿನ ಬ್ಲಾಕಿಗೆ ಕಳೆ ತೆಗೆಯಲು. ಹದಿನಾರು ಜನ ಚರಂಡಿಗೆ. ಹೆಂಗಸರು ಕಣ ಸಾರಿಸಲು. ಗುದ್ದಲಿಯ ಎಂಟು ಜನರನ್ನು ಹೊಳೆಯ ಕಡೆಯ ಬೇಲಿಗೆ ಹಾಕಿದೆ. ಒಂದೂವರೆ ಮೈಲಿ ದೂರ.

“ರೈಟ್ರೆ, ಇಲ್ಲಿ ಅಗೆಯೋಕೆ ಯಾರು?” ಕೆಂಪಣ್ಣ ಮೆಲ್ಲಗೆ ಕೇಳಿದ.

“ಯಾರೂ ಇಲ್ಲ.”

“ಸಾವ್ಕಾರ್ರು ನನಗೆ ಹೇಳವ್ರಲ್ಲ.”

“ಕೆಲಸ ಬರೆದಾಗಿದೆ ಕೆಂಪಣ್ಣ. ಅವರು ಕೇಳಿದ್ರೆ ರೈಟರ್ ಬರೆದ ಅಂತ ಹೇಳು.”

ಅವನು ಮೇಜನ್ನು, ನನ್ನನ್ನು, ಲಿಂಗಿಯ ಬಾಗಿಲನ್ನು ನೋಡಿದ. ಆಮೇಲೆ ಆಳುಗಳಿಗೆ, “ನಡೀರಿ ಬೇಲಿಗೆ” ಎಂದ.

ಒಂಬತ್ತಕ್ಕೆ ಜೀಪು ಬಂತು. ನಾನು ಎದ್ದು ನಿಂತೆ. ಪುಸ್ತಕ ಮುಚ್ಚಿದೆ. ಸಾವುಕಾರರು ನನ್ನ ಕಡೆ ನೋಡಲೇ ಇಲ್ಲ. ಗೋಡೆಗೆ ಒರಗಿಸಿದ್ದ ಒಂದು ಗುದ್ದಲಿಯನ್ನು ಕೈಗೆತ್ತಿಕೊಂಡು ನೇರ ಹಿತ್ತಿಲಿಗೆ ನಡೆದರು. ಲಿಂಗಿ ಅಲ್ಲಿಯೇ ನಿಂತಿದ್ದಳು. ನಾನು ಹಿಂದೆಯೇ ಹೋದೆ.

“ಎಲ್ಲಿ?” ಎಂದರು.

ಅವಳು ತೋರಿಸಿದಳು. ಕಲ್ಲಿಲ್ಲ, ಗುರುತಿಲ್ಲ. ಕೆಸುವಿನ ನಾಲ್ಕು ಗಿಡ ಇದ್ದವು, ಅಷ್ಟೆ.

“ಎಷ್ಟು ದೊಡ್ಡದಿತ್ತು?”

“ನಡಿಯೋಕೆ ಕಲ್ತಿತ್ತು.”

ಅವರು ಗುದ್ದಲಿಯನ್ನು ಹಿಡಿದುಕೊಂಡೇ ಬಹಳ ಹೊತ್ತು ನಿಂತರು. ಆಮೇಲೆ ಗುದ್ದಲಿಯನ್ನು ಮೊದಲಿದ್ದ ಕಡೆಯೇ ಒರಗಿಸಿ ಜೀಪಿನ ಹತ್ತಿರ ಬಂದರು.

“ಬಂಗಲೆ ಹಿಂದಿನ ಕೋಳಿಗೂಡು ಬಿಚ್ಚಿಸು. ಆ ನೆಲ ಹಾಕು” ಎಂದರು. “ನಿನ್ನೆ ನನ್ನ ಎದುರು ಬೇಡ ಅಂದದ್ದು ಸರಿ. ಇವತ್ತು ಆಳುಗಳ ಎದುರು ಮಾಡಿದ್ದು ಸರಿಯಲ್ಲ. ತಿಂಗಳ ಕೊನೆಗೆ ಪುಸ್ತಕ ಎಲ್ಲ ಕೆಂಪಣ್ಣನಿಗೆ ಒಪ್ಸು.”

ಆಗಲಿ ಎಂದೆ.

ಮನೆಗೆ ಬಂದು ವನಜಳಿಗೆ ಹೇಳಿದೆ. ಅವಳು ಒಲೆಯಿಂದ ಸೌದೆ ಹಿಂದಕ್ಕೆ ಎಳೆದು, “ಟ್ರಂಕಿನ ಬೀಗ ಕೆಟ್ಟಿದೆ, ರಿಪೇರಿ ಮಾಡಿಸ್ಬೇಕು” ಎಂದಳು. ಊಟ ಮಾಡಿ ಮಲಗಿದವನು ನಾಲ್ಕು ಗಂಟೆ ನಿದ್ದೆ ಮಾಡಿದೆ.

೩೧ ಅಕ್ಟೋಬರ್, ಭಾನುವಾರ

ನಾಳೆ ಹೊರಡುವುದು. ಪುಸ್ತಕಗಳನ್ನು ಒಪ್ಪಿಸಿ ಆಯಿತು.

ಮಡಿ ಎದೆಯವರೆಗೆ ಎದ್ದಿದೆ. ಎರಡು ವಾರ ಕೋಳಿಗೂಡಿನ ಮಣ್ಣು ಹೊತ್ತು, ಬೂದಿ ಬೆರೆಸಿ, ಮೇಲೆ ಒಣಹುಲ್ಲು ಹೊದಿಸಿದೆವು. ಇದ್ದ ಹದಿನೈದು ದಿನದಲ್ಲಿ ಇಷ್ಟು ದುಡಿಯುವ ಅಗತ್ಯವಿರಲಿಲ್ಲ ಎಂದು ಕೆಂಪಣ್ಣ ಹೇಳಿದ. ಅರ್ಧಕ್ಕೆ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಕೈ ತುಂಬ ಗುಳ್ಳೆ. ಪೆನ್ನು ಹಿಡಿದರೆ ಉರಿಯುತ್ತದೆ.

ಸಾವುಕಾರರು ಬೀಜದ ಪೊಟ್ಟಣ ತಂದು ನನ್ನ ಕೈಗೆ ಕೊಡಲು ಬಂದರು. “ಲಿಂಗಿ ಹಾಕಲಿ. ನೋಡಿಕೊಳ್ಳೋಳು ಅವಳು” ಎಂದೆ. ಅವರು ಒಂದು ಗಳಿಗೆ ತಡೆದು, ಪೊಟ್ಟಣವನ್ನು ಅವಳಿಗೆ ಕೊಟ್ಟರು. ಅವಳು ಬೆರಳಿನಲ್ಲಿ ಮಣ್ಣು ತೋಡಿ ಮೂರು ಬೀಜ ಇಟ್ಟಳು. “ಮೂರ್ರಲ್ಲಿ ಒಂದು ಉಳಿಸ್ಬೇಕು. ಯಾವ್ದು ಅಂತ ಆಮೇಲೆ ಗೊತ್ತಾಯ್ತದೆ” ಎಂದಳು. ಸಾವುಕಾರರು ತಲೆಯಾಡಿಸಿದರು.

ಹೋಗಿಬರುತ್ತೇನೆ ಲಿಂಗಿ ಎಂದೆ. “ನಿಧಾನಕ್ಕೆ ಹೋಗಿ ಅಯ್ಯ” ಎಂದಳು. ಮತ್ತೇನೋ ಹೇಳಬೇಕೆಂದು ಹೋಗಿದ್ದೆ. ಮಡಿಯ ಒಣಹುಲ್ಲು ಸರಿಮಾಡಿ ಬಂದೆ.

೧೯ ನವೆಂಬರ್, ಕುಶಾಲನಗರ

ಮಗಳ ಮನೆ. ಜಗಲಿಯಲ್ಲಿ ಕುರ್ಚಿ. ಅಳಿಯ ದೇವರಾಜು ಏನು ಕೆಲಸ ಮುಟ್ಟಿದರೂ ಬಿಡಿಸಿಕೊಳ್ಳುತ್ತಾನೆ. ಬರೆಯಲು ಏನೂ ಇಲ್ಲ.

೨೭ ಫೆಬ್ರುವರಿ ೧೯೫೫, ಭಾನುವಾರ

ಮಧ್ಯಾಹ್ನ ಬಾಗಿಲಲ್ಲಿ ಜೀಪು ನಿಂತಿತು. ಮೊಣ್ಣಪ್ಪನವರು. ಹಿಂದಿನ ಸೀಟಿನಲ್ಲಿ ಗೋಣಿ ಹೊದಿಸಿದ ಅರ್ಧ ಕುಂಬಳಕಾಯಿ. ಅರ್ಧವನ್ನೇ ಇಳಿಸಲು ದೇವರಾಜು, ಡ್ರೈವರು ಇಬ್ಬರೂ ಬೇಕಾದರು. ಬೀದಿಯವರೆಲ್ಲ ಬಂದು ನೋಡಿದರು.

“ಎರಡನೇ ಬಹುಮಾನ ಬಂತು” ಎಂದರು ಸಾವುಕಾರರು, ಕೂರುವ ಮೊದಲೇ. “ನೂರ ಹನ್ನೆರಡು ಪೌಂಡು. ಆ ದೇರಪ್ಪಂದು ಒಂಬತ್ತು ಪೌಂಡು ಜಾಸ್ತಿ.”

“ಮುಂದಿನ ವರ್ಷ ಬರ್ತದೆ ಸಾವ್ಕಾರ್ರೆ.”

“ಮುಂದಿನ ವರ್ಷ ಆ ಮಡೀಲಿ ಹಾಕ್ಬಾರ್ದಂತೆ. ಮಣ್ಣಿಗೆ ದಣಿವಾಗಿದೆ, ಒಂದು ವರ್ಷ ಹುರುಳಿ ಹಾಕಿ ಅಲ್ಲೇ ಮಗುಚ್ಬೇಕು ಅಂತಾಳೆ ಲಿಂಗಿ. ಹಾಗೇ ಮಾಡು ಅಂದೆ.”

“ಎಲ್ಲಿದ್ದಾಳೆ?”

“ಅಲ್ಲೇ. ಆ ಹಳೇ ಮನೆ ಮಾಡಿಗೆ ಹೊಸ ಹುಲ್ಲು ಹೊದಿಸಿದೆ.” ಅವರು ವನಜ ತಂದುಕೊಟ್ಟ ಕಾಫಿ ಕುಡಿದರು. ಲೋಟ ಇಡುತ್ತ, “ಆಳುಗಳ ಎದುರು ಹಾಗೆ ಮಾಡ್ಬಾರ್ದಿತ್ತು ನೀನು” ಎಂದರು.

“ಹೌದು” ಎಂದೆ.

ಆ ಮಾತು ಅಲ್ಲಿಗೇ ನಿಂತಿತು. ಹೊರಡುವಾಗ ವಿಶಾಲುವಿನ ತಲೆ ಮುಟ್ಟಿ, “ಜ್ವರ ಬಂದಾಗ ಇಷ್ಟೇ ಇದ್ದೆ ನೀನು” ಎಂದು ಕೈ ಅಳತೆ ತೋರಿಸಿ ಹೋದರು.

ವನಜ ಕುಂಬಳವನ್ನು ಹೆಚ್ಚಿ ಬೀದಿಯ ಎಲ್ಲ ಮನೆಗೂ ಹಂಚಿದಳು. ಸಂಜೆ ಪಲ್ಯ ಮಾಡುತ್ತ ವಿಶಾಲು ಕೇಳಿದಳು, “ಲಿಂಗಿ ಅಂದ್ರೆ ಯಾರಪ್ಪ? ಸಾವ್ಕಾರ್ರು ಯಾವ ಜ್ವರದ ಮಾತಾಡಿದ್ರು?”

ಹೇಳಿದೆ. ನಮ್ಮ ಮನೆಯ ಜ್ವರವನ್ನೂ ಆ ಮನೆಯ ಜ್ವರವನ್ನೂ ಹೇಳಿದೆ. ಚೆಕ್‌ರೋಲಿನಲ್ಲಿ ನಾನು ಏನು ಬರೆದಿದ್ದೆ ಎನ್ನುವುದನ್ನೂ ಬಿಡದೆ ಹೇಳಿದೆ. ಮಗಳ ಎದುರು ಅದನ್ನು ಹೇಳುವುದು ಬಂಗಲೆಯ ಮೆಟ್ಟಿಲು ಹತ್ತಿದ್ದಕ್ಕಿಂತ ಕಷ್ಟವಾಯಿತು. ಅವಳು ಸೌಟು ಕೆಳಗಿಟ್ಟು ಕೇಳುತ್ತಿದ್ದಳು.

“ನನ್ನ ವಯಸ್ಸೇ ಆಗಿರೋದು ಈಗ ಅದಕ್ಕೆ” ಎಂದಳು. ಒಲೆಯ ಉರಿ ತಗ್ಗಿಸಿ, “ಏನಪ್ಪ ಅದರ ಹೆಸರು?” ಎಂದಳು.

ನಾನು ವನಜಳ ಮುಖ ನೋಡಿದೆ. ಅವಳಿಗೂ ಗೊತ್ತಿರಲಿಲ್ಲ. ಗಂಡೋ ಹೆಣ್ಣೋ ಎಂದು ಕೂಡ ನಾನು ಕೇಳಿರಲಿಲ್ಲ.

ಅಮ್ಮತ್ತಿಗೆ ಬೆಳಿಗ್ಗೆ ಆರೂವರೆಗೆ ಬಸ್ಸಿದೆಯಂತೆ. ನಾಳೆ ತೋಟಕ್ಕೆ ಹೋಗಿ ಕೇಳಿಕೊಂಡು ಬರುತ್ತೇನೆ.